ಹೊಂದದ ವರದಿಯನ್ನೂ ಓದಿ: ಗೃಹ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಗೃಹ ಸಚಿವರಿಗೆ,

ನಮಸ್ಕಾರ.

ನಾನು ಸೆಷನ್ಸ್ ಕೋರ್ಟಿನಲ್ಲಿ ಆರೋಪಿಗಳ ಪರ ವಕಾಲತ್ತು ಹಾಕುವವನು. ಹೆಚ್ಚಿನವು ಲೀಗಲ್ ಏಡ್ ಕೇಸುಗಳು. ಅಂದರೆ ವಕೀಲರನ್ನು ಇಟ್ಟುಕೊಳ್ಳಲು ದುಡ್ಡಿಲ್ಲದವರ ಕೇಸುಗಳು. ಇದನ್ನೇ ಅರ್ಜಿ ಮಾಡಿ ವಿಧಾನಸೌಧಕ್ಕೆ ಕಳಿಸಬಹುದಿತ್ತು. ಇನ್‌ವರ್ಡ್ ನಂಬರ್ ಬಿದ್ದು, ಯಾವುದೋ ಶಾಖೆಗೆ ಹೋಗಿ, ಅಲ್ಲೇ ಮಲಗುತ್ತಿತ್ತು. ಅದಕ್ಕೇ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ.

2025ರ ಏಪ್ರಿಲ್ 1ರಂದು ಮಡಿಕೇರಿಯ ಹೋಟೆಲೊಂದರಲ್ಲಿ ಒಬ್ಬ ಹೆಂಗಸು ಕಣ್ಣಿಗೆ ಬಿದ್ದಳು. ಸರ್ಕಾರದ ಲೆಕ್ಕದಲ್ಲಿ ಅವಳು ಕೊಲೆಯಾಗಿ ನಾಲ್ಕು ವರ್ಷ ದಾಟಿತ್ತು. ಕೊಂದವನು ಗಂಡ ಎಂದು ಆರೋಪಪಟ್ಟಿಯಲ್ಲಿತ್ತು. ಆ ಗಂಡ ಕುಶಾಲನಗರದ ಹತ್ತಿರದ ಬಸವನಹಳ್ಳಿಯವನು, ಆದಿವಾಸಿ, ಕೂಲಿ ಮಾಡಿ ಬದುಕುವವನು. ಅವನ ಹೆಸರು ಎಲ್ಲಾ ಪೇಪರಿನಲ್ಲೂ ಬಂದಿದೆ. ನಾನಿಲ್ಲಿ ಬರೆಯುವುದಿಲ್ಲ. ಅವನಿಗೆ ಸಾಕಾಗಿದೆ.

ಕಥೆ ತಮಗೆ ಗೊತ್ತಿರುತ್ತದೆ. ಆದರೂ ಒಂದು ಸಲ ಕ್ರಮವಾಗಿ ನೋಡೋಣ. 2020ರಲ್ಲಿ ಹೆಂಡತಿ ಮನೆ ಬಿಟ್ಟು ಹೋದಳು. ಹೆಂಡತಿ ಕಾಣುತ್ತಿಲ್ಲ ಎಂದು ಠಾಣೆಗೆ ಹೋಗಿ ದೂರು ಕೊಟ್ಟವನು ಈ ಗಂಡನೇ. ಪಕ್ಕದ ಮೈಸೂರು ಜಿಲ್ಲೆಯ ಬೆಟ್ಟದಪುರ ಠಾಣೆಯ ವ್ಯಾಪ್ತಿಯಲ್ಲಿ ಒಂದು ಅಸ್ಥಿಪಂಜರ ಸಿಕ್ಕಿತ್ತು. ಒಂದು ಠಾಣೆಯಲ್ಲಿ ಕಾಣೆಯಾದ ಹೆಂಗಸಿನ ಫೈಲು. ಇನ್ನೊಂದು ಠಾಣೆಯಲ್ಲಿ ಹೆಸರಿಲ್ಲದ ಮೂಳೆಗಳ ಫೈಲು. ಎರಡನ್ನೂ ಒಂದಕ್ಕೊಂದು ಸೇರಿಸಿಬಿಟ್ಟರೆ ಎರಡೂ ಮುಗಿದುಹೋಗುತ್ತವೆ, ಅಲ್ವಾ? ಸೇರಿಸಿದರು. ಗಂಡ ಜೈಲಿಗೆ ಹೋದ.

ಮೂಳೆ ಯಾರದೆಂದು ತಿಳಿಯಲು ಹೆಂಗಸಿನ ತಾಯಿಯ ರಕ್ತ ತೆಗೆದು ಡಿಎನ್‌ಎ ಪರೀಕ್ಷೆಗೆ ಕಳಿಸಿದರು. ಇದು ಸರಿಯಾದ ಕೆಲಸವೇ. ಆದರೆ ವರದಿ ಬರುವ ಮೊದಲೇ ಆರೋಪಪಟ್ಟಿ ಹೋಯಿತು. ಆಮೇಲೆ ಬಂದ ವರದಿಯಲ್ಲಿ ಡಿಎನ್‌ಎ ಹೊಂದುವುದಿಲ್ಲ ಎಂದಿತ್ತು. ಅಂದರೆ ಆ ಮೂಳೆಗಳು ಈ ತಾಯಿಯ ಮಗಳವಲ್ಲ.

ಇಷ್ಟಾದ ಮೇಲೆ ಕೇಸು ನಿಂತಿತು ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ನಿಲ್ಲಲಿಲ್ಲ. ಜಾಮೀನು ಸಿಕ್ಕಿತು, ಅಷ್ಟೇ. ಕೇಸಿನಿಂದ ಕೈಬಿಡಿ ಎಂದು ಹಾಕಿದ ಅರ್ಜಿಯೂ ವಜಾ ಆಯಿತೆಂದು ಅವನ ವಕೀಲರು ಹೇಳಿದ್ದಾರೆ. ವಿಚಾರಣೆ ನಡೆಯುತ್ತಲೇ ಹೋಯಿತು. ಕೊನೆಗೆ 'ಸತ್ತವಳೇ' ಮೈಸೂರಿನ ಕೋರ್ಟಿಗೆ ಬಂದು ನಿಂತಳು. ಅದೇ ತಿಂಗಳು ಗಂಡನ ಖುಲಾಸೆಯಾಯಿತು. ತಮ್ಮ ಇಲಾಖೆ ಅವನಿಗೆ 1 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಕೋರ್ಟು ಹೇಳಿತು. ಅವನು ಒಳಗಿದ್ದದ್ದು ಸುಮಾರು ಒಂದೂವರೆ ವರ್ಷ. ಹಂಚಿ ನೋಡಿದರೆ ತಿಂಗಳಿಗೆ ಐದೂವರೆ ಸಾವಿರ. ಕಾಫಿ ತೋಟದ ಆಳಿಗೆ ಅದಕ್ಕಿಂತ ಜಾಸ್ತಿ ಸಿಗುತ್ತದೆ, ಸಂಜೆ ಮನೆಗೂ ಹೋಗಬಹುದು.

ಪೇಪರುಗಳು ಇದನ್ನು ಸಿನಿಮಾ ಕಥೆಯ ಹಾಗೆ ಬರೆದವು. ನನಗೆ ಕಂಡದ್ದು ಬೇರೆ. ಈ ಕೇಸಿನಲ್ಲಿ ವಿಜ್ಞಾನ ಸರಿಯಾಗಿಯೇ ಹೇಳಿತ್ತು, ಹೇಳಬೇಕಾದ್ದನ್ನು ಕಾಗದದ ಮೇಲೆ ಬರೆದು ಸಹಿ ಮಾಡಿ ಕೊಟ್ಟಿತ್ತು. ಯಾರೂ ಓದಲಿಲ್ಲ. ಓದಿದವರಿಗೆ ಬೇಕಾಗಿರಲಿಲ್ಲ. ಆ ಹೆಂಗಸು ಅವತ್ತು ಮಡಿಕೇರಿಯಲ್ಲದೆ ಬೇರೆ ಊರಿನಲ್ಲಿ ಊಟ ಮಾಡಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ.

ಇನ್ನೊಂದು ವಿಷಯವನ್ನು ಯಾರೂ ಕೇಳುತ್ತಿಲ್ಲ. ಆ ಮೂಳೆಗಳು ಯಾರವು? ಹೆಣ್ಣಿನ ಮೂಳೆ ಎಂದು ಹೇಳಿದ್ದರು. ಹಾಗಾದರೆ ಆಕೆಗೂ ಒಂದು ಮನೆ ಇರಬೇಕು, ಎಲ್ಲೋ ಒಂದು ಠಾಣೆಯಲ್ಲಿ ಕಾಣೆಯಾದ ದೂರು ಇರಬೇಕು. ವರ್ಷಗಟ್ಟಲೆ ಆಕೆಯ ಮೂಳೆಗೆ ಇನ್ನೊಬ್ಬಳ ಹೆಸರು ಅಂಟಿಸಿ ಇಟ್ಟಿದ್ದೆವು. ತಪ್ಪು ಮನುಷ್ಯನನ್ನು ಹಿಡಿದಾಗ ಸರಿಯಾದ ಮನುಷ್ಯನನ್ನು ಹುಡುಕುವ ಕೆಲಸವೂ ನಿಂತುಹೋಗುತ್ತದೆ.

ಸ್ವಾಮಿ, ನನ್ನ ದೂರು ಒಂದೇ. ಎಫ್‌ಎಸ್‌ಎಲ್, ಅಂದರೆ ಸರ್ಕಾರಿ ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಪೊಲೀಸರ ಕಥೆಗೆ ಹೊಂದಿದರೆ ಅದೇ ವೇದವಾಕ್ಯ. ಹೊಂದದಿದ್ದರೆ ಅದು ಫೈಲಿನ ಕೊನೆಯ ಹಾಳೆ. ಸರ್ಕಾರಿ ವಕೀಲರು ಅದನ್ನು ಸಾಕ್ಷ್ಯವೆಂದು ಕೋರ್ಟಿನಲ್ಲಿ ಗುರುತು ಮಾಡಿಸುವುದೂ ಇಲ್ಲ. ಕೇಳಿದರೆ 'ಬೇರೆ ಸಾಕ್ಷಿ ಬೇಕಾದಷ್ಟಿದೆ' ಎನ್ನುತ್ತಾರೆ. ವಿಜ್ಞಾನದ ಹೆಸರು ಹೇಳಿ ಶಿಕ್ಷೆ ಕೊಡಿಸುವ ಪದ್ಧತಿ ನಮ್ಮಲ್ಲಿ ಚೆನ್ನಾಗಿ ಬೆಳೆದಿದೆ. ಅದೇ ವಿಜ್ಞಾನದ ಮಾತು ಕೇಳಿ ಒಬ್ಬನನ್ನು ಬಿಟ್ಟುಬಿಡುವ ಪದ್ಧತಿ ಮಾತ್ರ ಬೆಳೆದೇ ಇಲ್ಲ.

ಹೊಂದಿದ ವರದಿಯನ್ನಾದರೂ ಎಷ್ಟು ನಂಬಬಹುದು? ಇದನ್ನು ಹೇಳಬೇಕೆಂದರೆ ತಮ್ಮನ್ನು ಸ್ವಲ್ಪ ಕೆಳಗಿಳಿಸಿ ಠಾಣೆಗೆ ಕರೆದುಕೊಂಡು ಹೋಗಬೇಕು.

ಕೊಲೆಯಾದ ಜಾಗದಲ್ಲಿ ಮಹಜರು ನಡೆಯುತ್ತದೆ. ಪಂಚರು, ಅಂದರೆ ಮಹಜರಿಗೆ ಸಾಕ್ಷಿಯಾಗುವವರು, ಬರುತ್ತಾರೆ, ಕೆಲವೊಮ್ಮೆ ಬಂದಿದ್ದರೆಂದು ಬರೆಯುತ್ತಾರೆ. ರಕ್ತ ಬಿದ್ದ ಮಣ್ಣು, ಬೀಳದ ಮಣ್ಣು, ಬಟ್ಟೆ, ಮಚ್ಚು. ಎಲ್ಲವನ್ನೂ ಪ್ಯಾಕ್ ಮಾಡಿ, ಬಿಳಿ ಬಟ್ಟೆ ಸುತ್ತಿ ಹೊಲಿದು, ಅರಗು ಹಾಕಿ, ಇಂಗ್ಲಿಷಿನ ಒಂದು ಅಕ್ಷರದ ಮೊಹರು ಒತ್ತುತ್ತಾರೆ. ಆ ಮೊಹರು ಆಮೇಲೆ ಎಲ್ಲಿರುತ್ತದೆ? ಒತ್ತಿದವರ ಹತ್ತಿರವೇ. ಅಂದರೆ ಪ್ಯಾಕೆಟ್ಟೂ ಅವರದೇ, ಅರಗೂ ಅವರದೇ, ಮೊಹರೂ ಅವರದೇ. ಒಡೆದು ಮತ್ತೆ ಹಾಕಿದ್ದಾರೆ ಎಂದು ನಾನು ಹೇಳುತ್ತಿಲ್ಲ. ಒಡೆದಿಲ್ಲ ಎಂದು ತೋರಿಸುವ ದಾರಿ ಇಲ್ಲ ಎನ್ನುತ್ತಿದ್ದೇನೆ.

ರಕ್ತ ಹಸಿಯಾಗಿರುವ ಬಟ್ಟೆಯನ್ನು ನೆರಳಿನಲ್ಲಿ ಒಣಗಿಸಿ ಕಾಗದದ ಕವರಿನಲ್ಲಿ ಹಾಕಬೇಕು. ಇದು ಯಾವ ತರಬೇತಿಯಲ್ಲೂ ಹೇಳುವ ಮೊದಲ ಪಾಠ. ಹಸಿ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಬೂಷ್ಟು ಬರುತ್ತದೆ, ಬ್ಯಾಕ್ಟೀರಿಯಾ ಡಿಎನ್‌ಎಯನ್ನು ತಿಂದುಹಾಕುತ್ತದೆ. ಆಮೇಲೆ ಎಷ್ಟೇ ದೊಡ್ಡ ಯಂತ್ರ ತಂದರೂ ಬರುವ ಉತ್ತರ 'ಫಲಿತಾಂಶ ನಿರ್ಣಯವಾಗಲಿಲ್ಲ' ಎಂದೇ. ಕಟಕಟೆಯ ಮುಂದೆ ಮುದ್ದೆಮಾಲು, ಅಂದರೆ ಪೊಲೀಸರು ವಶಪಡಿಸಿಕೊಂಡ ವಸ್ತು ಬಿಚ್ಚಿದಾಗ ಆ ಕಪ್ಪು ಬೂಷ್ಟಿನ ವಾಸನೆಗೆ ಬೆಂಚ್ ಕ್ಲರ್ಕ್ ಮೂಗು ಮುಚ್ಚಿಕೊಳ್ಳುವುದನ್ನು ಯಾವ ಸೆಷನ್ಸ್ ಕೋರ್ಟಿನಲ್ಲಿ ಬೇಕಾದರೂ ನೋಡಬಹುದು.

ಮಾಲು ಲ್ಯಾಬಿಗೆ ಹೋಗುವುದು ಯಾವಾಗ? ಠಾಣೆಯಲ್ಲಿ ಬಂದೋಬಸ್ತು ಇರುತ್ತದೆ, ಜಾತ್ರೆ ಇರುತ್ತದೆ, ತಮ್ಮಂಥವರ ಪ್ರವಾಸ ಇರುತ್ತದೆ. ಕಾನ್‌ಸ್ಟೆಬಲ್ ಒಬ್ಬರು ಬಿಡುವಾದಾಗ ಬಸ್ಸು ಹತ್ತುತ್ತಾರೆ. ಕೋರ್ಟಿನಲ್ಲಿ ಅವರ ಪಾಟಿ ಸವಾಲು ಹೆಚ್ಚು ಕಡಿಮೆ ಹೀಗಿರುತ್ತದೆ:

'ಮಾಲನ್ನು ನಿಮ್ಮ ಕೈಗೆ ಯಾವತ್ತು ಕೊಟ್ಟರು?'

'ಲ್ಯಾಬಿಗೆ ಹೊರಟ ದಿನ ಬೆಳಿಗ್ಗೆ, ಸಾರ್.'

'ಅಲ್ಲಿಯವರೆಗೆ ಎಲ್ಲಿತ್ತು?'

'ಠಾಣೆಯಲ್ಲೇ ಇತ್ತು.'

'ಠಾಣೆಯಲ್ಲಿ ಎಲ್ಲಿ?'

'ರೈಟರ್ ರೂಮಿನ ಬೀರುವಿನಲ್ಲಿ.'

'ಬೀಗದ ಕೈ ಯಾರ ಹತ್ತಿರ?'

'ಅಲ್ಲೇ ಮೊಳೆಗೆ ನೇತುಹಾಕಿರ್ತಾರೆ, ಸಾರ್.'

ನಗು ಬರುತ್ತದೆ. ಆದರೆ ಆ ಕಾನ್‌ಸ್ಟೆಬಲ್ ಸುಳ್ಳು ಹೇಳುತ್ತಿಲ್ಲ. ಅವರ ಮೇಲೆ ನನಗೆ ಸಿಟ್ಟೂ ಇಲ್ಲ. ಫ್ರಿಡ್ಜ್ ಇಲ್ಲದ, ಜಾಗ ಇಲ್ಲದ, ಜನ ಇಲ್ಲದ ಠಾಣೆಯಲ್ಲಿ ಅವರು ಇನ್ನೇನು ಮಾಡಬೇಕಿತ್ತು?

ಇದು ನಮ್ಮ ರಾಜ್ಯದ ಪಾಡು ಮಾತ್ರ ಅಲ್ಲ. ದೆಹಲಿಯ ಛಾವ್ಲಾದಲ್ಲಿ 2012ರಲ್ಲಿ 19 ವರ್ಷದ ಹುಡುಗಿಯನ್ನು ಹೊತ್ತೊಯ್ದು ಕೊಂದರು. ಮೂವರಿಗೆ ಗಲ್ಲು ಶಿಕ್ಷೆಯಾಯಿತು, ಹೈಕೋರ್ಟು ಅದನ್ನು ಎತ್ತಿಹಿಡಿಯಿತು. 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಮೂವರನ್ನೂ ಬಿಟ್ಟಿತು. ಡಿಎನ್‌ಎ ಹೊಂದಿತ್ತು, ನಿಜ. ಆದರೆ ಫೆಬ್ರವರಿ 14 ಮತ್ತು 16ರಂದು ವಶಪಡಿಸಿಕೊಂಡ ಮಾದರಿಗಳು ಲ್ಯಾಬಿಗೆ ಹೋದದ್ದು 27ಕ್ಕೆ. ಅಲ್ಲಿಯವರೆಗೆ ಪೊಲೀಸ್ ಮಾಲ್‌ಖಾನೆಯಲ್ಲಿದ್ದವು. ಯಾರೂ ಮುಟ್ಟಿಲ್ಲ ಎಂದು ಹೇಳುವ ಹಾಗಿರಲಿಲ್ಲ. ಜೊತೆಗೆ, ತಜ್ಞರು ಯಾವ ಆಧಾರದ ಮೇಲೆ ಆ ತೀರ್ಮಾನಕ್ಕೆ ಬಂದರು, ವಿಧಾನವನ್ನು ಸರಿಯಾಗಿ ಬಳಸಿದರೇ ಎಂದು ಕೆಳಗಿನ ಎರಡೂ ಕೋರ್ಟು ಪರೀಕ್ಷಿಸಿರಲಿಲ್ಲ.

ಆ ತೀರ್ಪಿಗೆ ದೇಶವೆಲ್ಲ ಕೆಂಡವಾಯಿತು. ಆ ಮನೆಯವರ ಸಂಕಟ ಅರ್ಥವಾಗುವಂಥದ್ದು. ನನಗೆ ಮಾತ್ರ ಬೈಸಿಕೊಳ್ಳಬೇಕಾದವರು ಬೈಸಿಕೊಳ್ಳಲೇ ಇಲ್ಲ ಅನಿಸಿತು. ಜನ ಜಡ್ಜುಗಳನ್ನು ಬೈದರು. ಆ ಹನ್ನೊಂದು ಹದಿಮೂರು ದಿನದ ಬಗ್ಗೆ ಯಾರೂ ಕೇಳಲಿಲ್ಲ. ಆ ಮೂವರೇ ಮಾಡಿದ್ದರೆ, ಆ ಕಾಯಿಸುವಿಕೆ ಅವರನ್ನು ಬಿಡಿಸಿತು. ಮಾಡಿರದಿದ್ದರೆ, ಮಾಡದ ತಪ್ಪಿಗೆ ವರ್ಷಗಟ್ಟಲೆ ಗಲ್ಲಿನ ನೆರಳಿನಲ್ಲಿ ಕೂತಿದ್ದರು. ಎರಡರಲ್ಲಿ ಯಾವುದು ಎಂದು ಇನ್ನು ಯಾರಿಗೂ ತಿಳಿಯುವುದಿಲ್ಲ. 'ಆರೋಪಿ ಪರ ವಕೀಲ ತಾನೇ, ಕೊಲೆಗಾರರನ್ನು ಬಿಡಿಸೋದೇ ಇವನ ಕಸುಬು' ಎನ್ನುವವರಿಗೆ ಇದೇ ನನ್ನ ಉತ್ತರ.

2025ರ ಜುಲೈ 15ರಂದು ತಮಿಳುನಾಡಿನ ತೇಣಿ ಜಿಲ್ಲೆಯ ಕೇಸಿನಲ್ಲಿ ಮತ್ತೆ ಇದೇ ಆಯಿತು. ಸುರುಳಿ ಜಲಪಾತದ ಹತ್ತಿರ 2011ರಲ್ಲಿ ಒಂದು ಜೋಡಿಯ ಕೊಲೆಯಾಗಿತ್ತು. ಗಲ್ಲು ಶಿಕ್ಷೆಯಾಗಿದ್ದವನನ್ನು ಸುಪ್ರೀಂ ಕೋರ್ಟು ಬಿಟ್ಟಿತು, ಕಾರಣಗಳಲ್ಲಿ ಡಿಎನ್‌ಎ ಮಾದರಿ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದಕ್ಕೆ ಸರಿಯಾದ ಲೆಕ್ಕ ಇಲ್ಲದ್ದೂ ಒಂದು. ಈ ಸಲ ಕೋರ್ಟು ಬಿಟ್ಟು ಸುಮ್ಮನಾಗಲಿಲ್ಲ. ಇಡೀ ದೇಶಕ್ಕೆ ನಿಯಮ ಮಾಡಿತು. ಮಾದರಿಯ ಪ್ಯಾಕೆಟ್ಟಿನ ಮೇಲೆ ಎಫ್‌ಐಆರ್ ನಂಬರಿನಿಂದ ಹಿಡಿದು ಎಲ್ಲಾ ವಿವರ ಇರಬೇಕು, ದಾಖಲೆಗೆ ವೈದ್ಯರ, ತನಿಖಾಧಿಕಾರಿಯ, ಸಾಕ್ಷಿಗಳ ಸಹಿ ಇರಬೇಕು. ತೆಗೆದ 48 ಗಂಟೆಯೊಳಗೆ ಲ್ಯಾಬಿಗೆ ಸೇರಬೇಕು, ತಡವಾದರೆ ಕಾರಣವನ್ನು ಕೇಸ್ ಡೈರಿಯಲ್ಲಿ ಬರೆಯಬೇಕು. ವಿಚಾರಣೆ ಮಾಡುವ ಕೋರ್ಟಿನ ಅಪ್ಪಣೆ ಇಲ್ಲದೆ ಪ್ಯಾಕೆಟ್ ಒಡೆಯುವ ಹಾಗಿಲ್ಲ, ಮತ್ತೆ ಸೀಲ್ ಮಾಡುವ ಹಾಗಿಲ್ಲ. ಮಾದರಿ ತೆಗೆದ ಗಳಿಗೆಯಿಂದ ಶಿಕ್ಷೆಯೋ ಖುಲಾಸೆಯೋ ಆಗುವವರೆಗೆ ಅದು ಯಾರ ಕೈಯಲ್ಲಿತ್ತು ಎಂಬ ಒಂದು ರಿಜಿಸ್ಟರ್ ಇರಬೇಕು, ಅದು ಕೋರ್ಟಿನ ದಾಖಲೆಗೆ ಸೇರಬೇಕು. ಇದರ ನಮೂನೆಗಳನ್ನು ಪ್ರತಿ ರಾಜ್ಯದ ಡಿಜಿಪಿ ತಯಾರಿಸಿ ಜಿಲ್ಲೆಗಳಿಗೆ ಕಳಿಸಬೇಕು.

ಆದೇಶ ಬಂದಾಗ ಎಲ್ಲರೂ ಸುತ್ತೋಲೆ ಹೊರಡಿಸುತ್ತಾರೆ. ಸುತ್ತೋಲೆಗೆ ನಂಬರ್ ಇರುತ್ತದೆ, ದಿನಾಂಕ ಇರುತ್ತದೆ. ರಿಜಿಸ್ಟರ್ ಮಾತ್ರ ಠಾಣೆಯ ಮೇಜಿನ ಮೇಲೆ ಇರುವುದಿಲ್ಲ. ತಾವು ಯಾವುದಾದರೂ ಹತ್ತು ಠಾಣೆಗೆ ಹೇಳದೆ ಕೇಳದೆ ಹೋಗಿ ಅದನ್ನು ತರಿಸಿ ನೋಡಿ. ಬೆಂಗಳೂರಿನವು ಬೇಡ. ಪಿರಿಯಾಪಟ್ಟಣ, ಸುರಪುರ, ಹೊಸದುರ್ಗ, ಅಥಣಿ ಕಡೆಗೆ ಹೋಗಿ.

ಲ್ಯಾಬಿನ ವರದಿ ಕೋರ್ಟಿಗೆ ಬರುವ ರೀತಿಯ ಬಗ್ಗೆಯೂ ಒಂದು ಮಾತು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 293ನೇ ಕಲಂ, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 329ನೇ ಕಲಂ. ಇದರ ಪ್ರಕಾರ ಕೆಲವು ಸರ್ಕಾರಿ ತಜ್ಞರ ವರದಿಯನ್ನು ಅವರು ಬಂದು ಹೇಳದೆಯೇ ಸಾಕ್ಷ್ಯವಾಗಿ ಬಳಸಬಹುದು. ಕೋರ್ಟಿಗೆ ಬೇಕೆನಿಸಿದರೆ ಕರೆಸಬಹುದು. ಎಷ್ಟೋ ಸಲ ಬೇಕೆನಿಸುವುದಿಲ್ಲ. ಹಾಗಾಗಿ ಒಬ್ಬನ ಜೀವಾವಧಿ ಶಿಕ್ಷೆ ಒಂದು ಪಟ್ಟಿಯ ಮೇಲೆ ನಿಂತಿರುತ್ತದೆ. ವಸ್ತು ಸಂಖ್ಯೆ 5, ಮಚ್ಚು. ರಕ್ತದ ಕಲೆ ಇದೆ. ಮೂಲ, ಮಾನವ. ಗುಂಪು, ಓ. ಅಷ್ಟೇ.

ಓ ಗುಂಪಿನವರು ನಮ್ಮಲ್ಲಿ ಸರಿಸುಮಾರು ಮೂವರಲ್ಲಿ ಒಬ್ಬರು ಸಿಗುತ್ತಾರೆ. ಕೋರ್ಟ್ ಹಾಲಿನಲ್ಲಿ ಕೂತವರಲ್ಲೇ ಎಷ್ಟು ಜನ ಇರುತ್ತಾರೋ. ಸತ್ತವನದೂ ಓ, ಮಚ್ಚಿನ ಮೇಲಿನದೂ ಓ, ಆದ್ದರಿಂದ ಈತನೇ ಕೊಂದ ಎನ್ನುವುದು ಯಾವ ಲೆಕ್ಕ? ಬರೀ ಗುಂಪು ಹೊಂದಿದರೆ ಸಾಲದು ಎಂದು ಸುಪ್ರೀಂ ಕೋರ್ಟು 2011ರಲ್ಲಿ ರಾಜಸ್ಥಾನದ ಕೇಸೊಂದರಲ್ಲಿ ಹೇಳಿತು. 2025ರ ಜೂನಿನಲ್ಲಿ ಅದೇ ರಾಜ್ಯದ ಇನ್ನೊಂದು ಕೇಸಿನಲ್ಲಿ ಮತ್ತೆ ಹೇಳಬೇಕಾಯಿತು. ಹದಿನಾಲ್ಕು ವರ್ಷದಲ್ಲಿ ಮಾತು ಕೆಳಗೆ ಇಳಿದಿಲ್ಲ.

ನಮ್ಮ ಬೆಂಗಳೂರಿನ ಹಳೆಯ ಕಥೆಯನ್ನು ಹೇಳದೆ ಹೋದರೆ ಮೋಸವಾಗುತ್ತದೆ. ಒಂದು ಕಾಲಕ್ಕೆ ಇಡೀ ದೇಶಕ್ಕೆ ನಾರ್ಕೋ, ಅಂದರೆ ಮಂಪರು ಪರೀಕ್ಷೆ ಎಂದರೆ ಬೆಂಗಳೂರು. ಛಾಪಾ ಕಾಗದದ ತೆಲಗಿಯಿಂದ ಹಿಡಿದು ಯಾರ್ಯಾರನ್ನೋ ಇಲ್ಲಿಗೆ ಕರೆತಂದು, ಸೂಜಿ ಚುಚ್ಚಿ, ಅರೆ ಎಚ್ಚರದಲ್ಲಿ ಮಾತಾಡಿಸಿದರು. ಆ ಟೇಪುಗಳು ಟಿವಿಯಲ್ಲೂ ಬಂದವು. ಜನ ಬಾಯಿಬಿಟ್ಟು ನೋಡಿದರು. ವಿಜ್ಞಾನ ಎಂದರೆ ಇದು ಎಂದುಕೊಂಡರು.

ಬ್ರೈನ್ ಮ್ಯಾಪಿಂಗ್ ಇನ್ನೂ ಸೋಜಿಗದ್ದು. ತಲೆಗೆ ತಂತಿ ಹಚ್ಚಿ, ಕೊಲೆಯ ಬಗ್ಗೆ ವಾಕ್ಯಗಳನ್ನು ಓದಿ, ಮೆದುಳಿನಲ್ಲಿ 'ಅನುಭವದ ನೆನಪು' ಎದ್ದಿತೋ ಇಲ್ಲವೋ ನೋಡುವುದು. ಇದನ್ನು ರೂಪಿಸಿದವರು ನಮ್ಮ ನಿಮ್ಹಾನ್ಸ್‌ನಲ್ಲಿ ಕೆಲಸ ಮಾಡಿದ್ದ ಮನೋವಿಜ್ಞಾನಿ. 2008ರ ಜೂನಿನಲ್ಲಿ ಪುಣೆಯ ಕೋರ್ಟು ಪ್ರಸಾದದಲ್ಲಿ ವಿಷ ಹಾಕಿದ ಕೊಲೆ ಕೇಸಿನಲ್ಲಿ ಈ ಪರೀಕ್ಷೆಯನ್ನೂ ನಂಬಿ ಜೀವಾವಧಿ ಶಿಕ್ಷೆ ಕೊಟ್ಟಿತು. ಕೆಲವೇ ತಿಂಗಳಲ್ಲಿ ಅದೇ ನಿಮ್ಹಾನ್ಸ್‌ನ ನಿರ್ದೇಶಕರು ಮುಖ್ಯಸ್ಥರಾಗಿದ್ದ ತಜ್ಞರ ಸಮಿತಿ ಈ ಪರೀಕ್ಷೆಗೆ ವೈಜ್ಞಾನಿಕ ಆಧಾರ ಇಲ್ಲ, ತನಿಖೆಗೆ ಬಳಸುವುದನ್ನು ನಿಲ್ಲಿಸಿ ಎಂದಿತು. ಶಿಕ್ಷೆಯಾದವರಿಗೆ ಬಾಂಬೆ ಹೈಕೋರ್ಟಿನಲ್ಲಿ ಜಾಮೀನು ಸಿಕ್ಕಿತು. ಮದ್ದು ಊರಿಗೆ ಹಂಚಿದ ಮೇಲೆ ಅದು ಮದ್ದೇ ಹೌದೋ ಎಂದು ನೋಡಿದ ಹಾಗಾಯಿತು.

2010ರ ಮೇ 5ರಂದು ಸುಪ್ರೀಂ ಕೋರ್ಟು ಒಪ್ಪಿಗೆ ಇಲ್ಲದೆ ನಾರ್ಕೋ, ಸುಳ್ಳುಪತ್ತೆ, ಬ್ರೈನ್ ಮ್ಯಾಪಿಂಗ್ ಮಾಡುವ ಹಾಗಿಲ್ಲ ಎಂದು ತೀರ್ಪು ಕೊಟ್ಟಿತು. ಆ ತೀರ್ಪಿನ ಹೆಸರೇ 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ'. ದೇಶದ ಪ್ರತಿ ಕಾನೂನು ಕಾಲೇಜಿನಲ್ಲಿ ಮಕ್ಕಳು ನಮ್ಮ ರಾಜ್ಯದ ಹೆಸರನ್ನು ಈ ಕಾರಣಕ್ಕೆ ಓದುತ್ತಾರೆ. ಇಷ್ಟಾದರೂ ಇಂದಿಗೂ ಯಾವುದೇ ದೊಡ್ಡ ಕೊಲೆಯಾದರೆ 'ಮಂಪರು ಪರೀಕ್ಷೆ ಮಾಡಿಸಿ' ಎಂಬ ಕೂಗು ಮೊದಲು ಏಳುತ್ತದೆ. ಕೂಗುವವರಲ್ಲಿ ಶಾಸಕರೂ ಇರುತ್ತಾರೆ.

ಹೊರದೇಶದಲ್ಲಿ ಎಲ್ಲಾ ಸರಿ ಇದೆ ಎಂದು ನಾನು ತಿಳಿದಿಲ್ಲ. 1980ರಲ್ಲಿ ಆಸ್ಟ್ರೇಲಿಯಾದ ಉಲುರು ಬಂಡೆಯ ಹತ್ತಿರ ಡೇರೆಯಿಂದ ಒಂದು ಹಸುಗೂಸು ಕಾಣೆಯಾಯಿತು. ಕಾಡುನಾಯಿ ಎತ್ತಿಕೊಂಡು ಹೋಯಿತು ಎಂದಳು ತಾಯಿ ಲಿಂಡಿ ಚೇಂಬರ್ಲಿನ್. ಯಾರೂ ನಂಬಲಿಲ್ಲ. ಕಾರಿನ ಡ್ಯಾಶ್‌ಬೋರ್ಡಿನ ಕೆಳಗೆ ಮಗುವಿನ ರಕ್ತ ಚಿಮ್ಮಿದೆ ಎಂದು ತಜ್ಞರು ಹೇಳಿದರು. 1982ರಲ್ಲಿ ತಾಯಿಗೆ ಜೀವಾವಧಿ. ಆಮೇಲೆ ಗೊತ್ತಾಯಿತು, ಆ ಚಿಮ್ಮಿದ ಕಲೆ ಕಾರು ತಯಾರಿಸುವಾಗ ಸದ್ದು ತಡೆಯಲು ಸಿಂಪಡಿಸಿದ ವಸ್ತು. ಅಲ್ಲೂ ಆಕೆ ಹೊರಬಂದದ್ದು ಲ್ಯಾಬಿನಿಂದ ಅಲ್ಲ. 1986ರಲ್ಲಿ ಬಂಡೆಯ ಬಳಿ ಆಕಸ್ಮಿಕವಾಗಿ ಮಗುವಿನ ಜಾಕೆಟ್ ಸಿಕ್ಕಿತು. 1988ರಲ್ಲಿ ಶಿಕ್ಷೆ ರದ್ದಾಯಿತು. ಕಾಡುನಾಯಿಯೇ ಎತ್ತಿಕೊಂಡು ಹೋದದ್ದು ಎಂದು ಸರ್ಕಾರಿ ದಾಖಲೆಗೆ ಬರಲು 2012 ಆಗಬೇಕಾಯಿತು.

ಅಮೆರಿಕದಿಂದ ಕಲಿಯಬೇಕಾದ್ದು ಒಂದಿದೆ. ಅಲ್ಲಿನ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನ ತಜ್ಞರು ಕೂದಲನ್ನು ಮೈಕ್ರೋಸ್ಕೋಪಿನಲ್ಲಿ ಹೋಲಿಸಿ ಸಾಕ್ಷಿ ಹೇಳುತ್ತಿದ್ದರು. ಅದರ ಮೇಲೆ ಅನುಮಾನ ಬಂದಾಗ ಎಫ್‌ಬಿಐ ತನ್ನದೇ ಹಳೆಯ ಫೈಲುಗಳನ್ನು ತೆಗೆಸಿತು. 2015ರಲ್ಲಿ ಲೆಕ್ಕ ಹೊರಗೆ ಬಂತು. ಕೂದಲಿನ ಸಾಕ್ಷ್ಯ ಆರೋಪಿಯ ವಿರುದ್ಧ ಹೋಗಿದ್ದ 268 ವಿಚಾರಣೆಗಳನ್ನು ನೋಡಿದರೆ 257ರಲ್ಲಿ ತಜ್ಞರು ವಿಜ್ಞಾನ ಒಪ್ಪದ ಮಾತು ಹೇಳಿದ್ದರು. ಅದರಲ್ಲಿ 33 ಜನಕ್ಕೆ ಮರಣದಂಡನೆ ಆಗಿತ್ತು. 14 ಜನ ಅಷ್ಟರಲ್ಲೇ ಆ ಶಿಕ್ಷೆ ಜಾರಿಯಾಗಿಯೋ ಜೈಲಿನಲ್ಲಿ ಬೇರೆ ಕಾರಣಕ್ಕೋ ಸತ್ತಿದ್ದರು. ಅವಮಾನದ ಲೆಕ್ಕವೇ ಸರಿ. ಬೇರೆಯವರು ಬೊಟ್ಟು ಮಾಡಿದ ಮೇಲೆಯೇ ಶುರುವಾದ ಕೆಲಸವಾದರೂ ಆ ಲೆಕ್ಕವನ್ನು ಮುಚ್ಚಿಡದೆ ಬಿಚ್ಚಿಟ್ಟರು.

ನಮ್ಮಲ್ಲಿ ಅಂಥ ಒಂದು ಫೈಲನ್ನಾದರೂ ಯಾರಾದರೂ ಮತ್ತೆ ತೆಗೆದಿದ್ದಾರಾ? ಪರಪ್ಪನ ಅಗ್ರಹಾರ, ಹಿಂಡಲಗಾ, ಬಳ್ಳಾರಿ, ಮೈಸೂರು ಜೈಲುಗಳಲ್ಲಿ ರಕ್ತದ ಗುಂಪಿನ ಒಂದು ಸಾಲಿನ ಮೇಲೆ ಜೀವಾವಧಿ ಅನುಭವಿಸುತ್ತಿರುವವರು ಇದ್ದರೆ, ಅವರ ಮಾಲು ಇನ್ನೂ ಕೋರ್ಟಿನ ಉಗ್ರಾಣದಲ್ಲಿದ್ದರೆ, ಇವತ್ತಿನ ಡಿಎನ್‌ಎ ವಿಧಾನದಲ್ಲಿ ಪರೀಕ್ಷೆ ಮಾಡಿಸಬಹುದು. ಸರ್ಕಾರ ಮನಸ್ಸು ಮಾಡಬೇಕು. ಮೇಲ್ಮನವಿ ಮುಗಿದ ಕೂಡಲೇ ಮಾಲನ್ನು ಸುಟ್ಟುಹಾಕುವುದನ್ನು ನಿಲ್ಲಿಸಲು ಹೈಕೋರ್ಟನ್ನೂ ಕೇಳಿಕೊಳ್ಳಬೇಕು.

2024ರ ಜುಲೈ 1ರಿಂದ ಹೊಸ ಕಾನೂನು ಬಂದಿದೆ. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧ ನಡೆದರೆ ಫೊರೆನ್ಸಿಕ್ ತಜ್ಞರು ಜಾಗಕ್ಕೆ ಹೋಗಲೇಬೇಕು. ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದವರೆಗೆ ಸಮಯ ಇದೆ. ಒಳ್ಳೆಯದೇ. ಅಪರಾಧ ನಡೆದ ಜಾಗಕ್ಕೆ ಹೋಗಿ ಮಾದರಿ ತೆಗೆಯುವ ನಮ್ಮ ಸೋಕೋ ಸಿಬ್ಬಂದಿಯಲ್ಲಿ ಕೆಲವರು ಓದಿಕೊಂಡ ಚುರುಕಿನ ಹುಡುಗ ಹುಡುಗಿಯರು. ಅವರು ಮಾಡುವ ಮಹಜರಿಗೂ ಹಳೆಯದಕ್ಕೂ ಅಜಗಜಾಂತರ. ಆದರೆ ಹೋದಷ್ಟೂ ಮಾದರಿ ಹೆಚ್ಚಾಗುತ್ತದೆ. ಮಡಿವಾಳದ ಲ್ಯಾಬಿಗೆ, ಮೈಸೂರು, ಮಂಗಳೂರು, ದಾವಣಗೆರೆ, ಬೆಳಗಾವಿ, ಕಲಬುರಗಿಯ ಲ್ಯಾಬುಗಳಿಗೆ ರಾಶಿ ಬೀಳುತ್ತದೆ. ವರದಿಗೆ ಕಾಯುತ್ತಾ ಆರೋಪಿ ಒಳಗೇ ಇರುತ್ತಾನೆ. ಗಡುವಿನೊಳಗೆ ಆರೋಪಪಟ್ಟಿ ಹೋಗದಿದ್ದರೆ ಜಾಮೀನು ಕೊಡಬೇಕಾಗುತ್ತದಲ್ಲ, ಅದಕ್ಕೆ ವರದಿ ಇಲ್ಲದೆಯೇ ಆರೋಪಪಟ್ಟಿ ಹಾಕುತ್ತಾರೆ. ಬೆಟ್ಟದಪುರದಲ್ಲಿ ಆದದ್ದು ಹೀಗೆಯೇ.

ಹಾಗಾಗಿ ತಮ್ಮಲ್ಲಿ ನಾನು ಮೊದಲು ಕೇಳುವುದು ದುಡ್ಡು ಖರ್ಚಿಲ್ಲದ ಕೆಲಸ. ಆರೋಪಪಟ್ಟಿ ಹಾಕಿದ ಮೇಲೆ ಬರುವ ಲ್ಯಾಬ್ ವರದಿ ಪೊಲೀಸರ ಕಥೆಗೆ ಹೊಂದದಿದ್ದರೆ, ತನಿಖಾಧಿಕಾರಿ ಅದನ್ನು ಇಂತಿಷ್ಟು ದಿನದೊಳಗೆ ಕೋರ್ಟಿಗೂ ಆರೋಪಿಯ ವಕೀಲರಿಗೂ ಕೊಡಬೇಕು. ಕೊಡುವಾಗ 'ಇದನ್ನು ನೋಡಿದ ಮೇಲೂ ಈತನೇ ಆರೋಪಿ ಎಂದು ನಾನು ಹೇಳಲು ಕಾರಣ ಇದು' ಎಂದು ಬರೆದು ಸಹಿ ಮಾಡಬೇಕು. ಬರೆಯಲು ಕಾರಣ ಇಲ್ಲದಿದ್ದರೆ ಮುಂದಿನ ತನಿಖೆ ಮಾಡಬೇಕು. ಕಾನೂನಿನಲ್ಲಿ ಅದಕ್ಕೆ ಅವಕಾಶ ಮೊದಲೂ ಇತ್ತು, ಈಗಲೂ ಇದೆ. ಕೇಸು ವಾಪಸ್ ಪಡೆಯುವ ಅವಕಾಶವೂ ಇದೆ. ಹೋರಾಟದ ಕೇಸು, ಗಲಾಟೆಯ ಕೇಸು ಎಂದು ಸಂಪುಟದ ಮುಂದೆ ಇಟ್ಟು ವಾಪಸ್ ಪಡೆಯುವುದನ್ನು ಎಲ್ಲಾ ಪಕ್ಷದ ಸರ್ಕಾರಗಳೂ ಮಾಡಿವೆ. ಡಿಎನ್‌ಎ ಹೊಂದದ ಕೂಲಿಯವನ ಕೇಸನ್ನು ಆ ಮೇಜಿನ ಮೇಲೆ ಇಡಲು ಯಾವ ಅಡ್ಡಿ?

ಎರಡನೆಯದು ಕಷ್ಟದ್ದು. ಲ್ಯಾಬನ್ನು ಗೃಹ ಇಲಾಖೆಯಿಂದ ಬಿಡಿಸಿ. ಹಿಡಿಯುವವರೂ ಪರೀಕ್ಷಿಸುವವರೂ ಒಂದೇ ಯಜಮಾನನ ಕೈಕೆಳಗಿದ್ದರೆ ಒಳ್ಳೆಯ ವಿಜ್ಞಾನಿಯ ಮಾತಿಗೂ ಅನುಮಾನ ಅಂಟಿಕೊಳ್ಳುತ್ತದೆ. ತಮ್ಮ ಅಧಿಕಾರವನ್ನು ತಾವೇ ಬಿಟ್ಟುಕೊಡಿ ಎಂದು ಮಂತ್ರಿಯೊಬ್ಬರನ್ನು ಕೇಳುವುದು ಸುಲಭವಲ್ಲ, ಗೊತ್ತು. ಅಲ್ಲಿಯವರೆಗೆ ಕಡೇ ಪಕ್ಷ ಲ್ಯಾಬಿನ ಕಚ್ಚಾ ದಾಖಲೆಗಳು ಆರೋಪಿಗೆ ಸಿಗಲಿ. ಯಂತ್ರ ಕೊಟ್ಟ ಗ್ರಾಫು, ತಜ್ಞರು ಬರೆದಿಟ್ಟ ಟಿಪ್ಪಣಿ, ಹೊಂದಿಕೆಯ ಲೆಕ್ಕ. 'ಹೊಂದಿದೆ' ಎಂಬ ಒಂದು ಸಾಲನ್ನು ಇಟ್ಟುಕೊಂಡು ನಾವು ಏನು ಪಾಟಿ ಸವಾಲು ಮಾಡುವುದು? ಸರ್ಕಾರದ ಕಡೆಗೆ ಇಡೀ ಲ್ಯಾಬೇ ಇದೆ. ಲೀಗಲ್ ಏಡ್ ವಕೀಲನಿಗೆ ಒಬ್ಬ ತಜ್ಞರನ್ನು ಕೇಳಿ ತಿಳಿದುಕೊಳ್ಳಲು ಬಸ್ ಚಾರ್ಜಿನಷ್ಟೂ ಇಲ್ಲ.

ಪರಿಹಾರದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕಾನೂನು ಆಯೋಗ 2018ರಲ್ಲಿ ತನ್ನ 277ನೇ ವರದಿಯಲ್ಲಿ ಸುಳ್ಳು ಮೊಕದ್ದಮೆಗೆ ಸಿಕ್ಕಿಬಿದ್ದವರಿಗೆ ಪರಿಹಾರ ಕೊಡಲು ಕಾನೂನು ಮಾಡಿ ಎಂದಿತು. ದೆಹಲಿಯಲ್ಲಿ ಅದು ಕೂತಲ್ಲೇ ಕೂತಿದೆ. ರಾಜ್ಯ ಒಂದು ಯೋಜನೆ ಮಾಡಲು ದೆಹಲಿಗೆ ಕಾಯಬೇಕಾಗಿಲ್ಲ. ಸಂತ್ರಸ್ತರ ಪರಿಹಾರಕ್ಕೆ ಯೋಜನೆ ಇರುವ ಹಾಗೆಯೇ ಇದಕ್ಕೂ ಒಂದು ಮಾಡಬಹುದು.

ಕಡೆಯದಾಗಿ ಮುಂದಿನ ಅಧಿವೇಶನದಲ್ಲಿ ಒಂದು ಉತ್ತರ ಬೇಕು. ಲ್ಯಾಬ್ ವರದಿ ಹೊಂದಿಲ್ಲ ಎಂದು ಬಂದ ಮೇಲೂ ನಡೆಯುತ್ತಿರುವ ಕೊಲೆ ಕೇಸುಗಳು ರಾಜ್ಯದಲ್ಲಿ ಎಷ್ಟಿವೆ? ಯಾವ ಯಾವ ಕೋರ್ಟಿನಲ್ಲಿ? ಆರೋಪಿ ಒಳಗಿದ್ದಾನಾ, ಹೊರಗಿದ್ದಾನಾ? ಲ್ಯಾಬಿನ ಹತ್ತಿರ ವರದಿಯ ಪ್ರತಿ ಇದೆ, ಸರ್ಕಾರಿ ವಕೀಲರ ಹತ್ತಿರ ಕೇಸಿನ ಫೈಲಿದೆ. ಇಬ್ಬರನ್ನೂ ಒಂದು ಕಡೆ ಕೂರಿಸಿದರೆ ಪಟ್ಟಿ ತಯಾರಾಗುತ್ತದೆ. ಆದಾಗ ಅದನ್ನು ಒಳಗಿರುವವರ ಹೆಸರಿನಿಂದ ಓದಲು ಶುರುಮಾಡಿ.

ಇಂತಿ,
ಜಿಲ್ಲಾ ನ್ಯಾಯಾಲಯವೊಂದರ ವಕೀಲ